ಆರದ ಬತ್ತಿ

ಸಂಜೆ ಮಗಳು ಕೆಲಸದಿಂದ ಬಂದು ಬಾಗಿಲು ತೆಗೆದಾಗ ಅಪ್ಪ ಬೆಳಿಗ್ಗೆ ಕೂತ ಕುರ್ಚಿಯಲ್ಲೇ ಕೂತಿದ್ದರು. ಎದುರಿನ ಮೇಜಿನ ಮೇಲೆ ಅಮ್ಮನ ಫೋಟೋ, ಅದರ ಮುಂದೆ ಮೇಣದಬತ್ತಿ. ಬತ್ತಿಯ ಮೇಲೆ, ಮೇಜಿನಲ್ಲೇ ಇರುತ್ತಿದ್ದ ಬಿಸ್ಕತ್ತಿನ ಗಾಜಿನ ಜಾಡಿಯನ್ನು ಬೋರಲು ಹಾಕಿತ್ತು. ಅದರೊಳಗೆ ಜ್ವಾಲೆ ಆರಾಮಾಗಿ ಉರಿಯುತ್ತಿತ್ತು.

"ಆರ್ತಾ ಇಲ್ಲ ಕಣೇ," ಎಂದರು ಅಪ್ಪ. "ಬೆಳಿಗ್ಗೆಯಿಂದ ಊದ್ತಾ ಇದ್ದೀನಿ. ಜಾಡಿ ಮುಚ್ಚಿದೆ, ಅದಕ್ಕೂ ಬಗ್ಗಲಿಲ್ಲ. ನೀರು ಹಾಕೋ ಹಾಗಿಲ್ಲ, ಕಾದ ಮೇಣ ಸಿಡಿಯುತ್ತೆ. ಗಾಳಿ ಇಲ್ದೆ ಉರಿಯೋ ಬೆಂಕೀನ ಮೂವತ್ನಾಲ್ಕು ವರ್ಷದ ಸರ್ವೀಸಲ್ಲಿ ನಾನು ನೋಡಿಲ್ಲ."

ಅಷ್ಟೂ ವರ್ಷ ಅಗ್ನಿಶಾಮಕ ದಳದಲ್ಲಿ ದುಡಿದವರು. ಶಾಲೆಶಾಲೆಗೆ ಹೋಗಿ ಮಕ್ಕಳಿಗೆ ಬಾಯಿಪಾಠ ಮಾಡಿಸಿದವರು: ಪರದೆಯಿಂದ ಒಂದು ಮಾರು ದೂರ, ಅಲುಗಾಡದ ತಟ್ಟೆ, ಕೋಣೆ ಬಿಡುವ ಮುಂಚೆ ಆರಿಸು. ಅಂಥವರೇ ನಾಲ್ಕು ತಿಂಗಳ ಹಿಂದೆ ಬತ್ತಿ ಹಚ್ಚಿಟ್ಟು ಮರೆತು ಸ್ನಾನಕ್ಕೆ ಹೋದರು. ಪರದೆ ಅರ್ಧ ಸುಟ್ಟಿತು. ದೀಪದ ಬುಡದಲ್ಲೇ ಕತ್ತಲೆ ಎಂದು ಅಳಿಯ ನಕ್ಕ. ಅಪ್ಪ ನಗಲಿಲ್ಲ. ಬೆಂಕಿಪೊಟ್ಟಣವನ್ನು ತಾವಾಗಿಯೇ ಮಗಳ ಕೈಗಿಟ್ಟರು. "ಇನ್ನು ಬತ್ತಿಗೆ ನಾನು ಕೈ ಹಾಕಲ್ಲ. ಹಚ್ಚೋಕೆ ಯಾರಾದ್ರೂ ಸಾಕು. ಊದಿ ಆರ್ಸೋದೊಂದು ನಂಗೆ ಬಿಡು" ಎಂದರು.

ಹಚ್ಚಲು ಅವಳಿಗೂ ಧೈರ್ಯ ಬರಲಿಲ್ಲ. ಬ್ಯಾಟರಿಯ ಮೇಣದಬತ್ತಿ ತಂದಳು. ನೋಡಲು ಥೇಟ್ ಅಸಲಿ, ಜೊತೆಗೊಂದು ಪುಟ್ಟ ರಿಮೋಟು. ಸುಮ್ಮನೆ ಒಂದು ಕಡ್ಡಿ ಗೀರಿ, ಗುಂಡಿ ಒತ್ತುತ್ತಿದ್ದಳು. ಪೊರೆ ಬಂದ ಕಣ್ಣಿಗೆ ಅಷ್ಟು ಸಾಕಿತ್ತು. ಅಪ್ಪ ರೇಡಿಯೋದಲ್ಲಿ ಕೇಳಿದ ನಾಲ್ಕು ಸುದ್ದಿಯನ್ನು ಅಮ್ಮನ ಫೋಟೋಗೆ ಹೇಳಿ, ಕೆನ್ನೆ ಉಬ್ಬಿಸಿ ಊದುವರು. ಹಿಂದೆ ನಿಂತ ಮಗಳು ಮತ್ತೆ ಗುಂಡಿ ಒತ್ತುವಳು. "ನೋಡಿದ್ಯಾ, ಒಂದೇ ಉಸಿರು" ಎಂದು ಅಪ್ಪ ಬೀಗುವರು. ಆ ಮಾತು ಕೇಳಿದಾಗೆಲ್ಲ ತಾನು ಮಾಡುತ್ತಿರುವುದು ಮೋಸವಲ್ಲ ಎನಿಸುತ್ತಿತ್ತು ಅವಳಿಗೆ. ಇವತ್ತು ಬೆಳಿಗ್ಗೆ ಆಫೀಸಿನಿಂದ ಫೋನು ಬಂತೆಂದು ಅಪ್ಪ ಊದುವ ಮೊದಲೇ ಓಡಿದ್ದಳು. ರಿಮೋಟು ಅವಳ ಬ್ಯಾಗಿನಲ್ಲೇ ಹೋಗಿತ್ತು.

"ಊಟ ಮಾಡಿದ್ರಾ?"

"ಉರಿಯೋ ಬತ್ತಿ ಬಿಟ್ಟು ಏಳೋದಾ? ಚೆನ್ನಾಗಿ ಹೇಳ್ದೆ."

ಆಗ ಅವಳಿಗೆ ವಾಸನೆ ಬಡಿಯಿತು. ಅಪ್ಪನ ಪೈಜಾಮ ಒದ್ದೆಯಾಗಿತ್ತು, ಕುರ್ಚಿಯ ಕೆಳಗಿನ ನೆಲವೂ. ಬಚ್ಚಲು ಇದ್ದದ್ದು ಹತ್ತು ಹೆಜ್ಜೆ ದೂರದಲ್ಲಿ. ಅವಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ನಿಜ ಹೇಳಲು ನಾಲಿಗೆ ಏಳಲಿಲ್ಲ.

"ಕಣ್ಣಾಯ್ತು, ಮರೆವಾಯ್ತು, ಈಗ ಉಸಿರೂ ಕೈಕೊಡ್ತು ನೋಡು," ಎಂದರು ಅಪ್ಪ.

"ಹಾಗೇನಿಲ್ಲ ಅಪ್ಪ. ಇನ್ನೊಂದ್ಸಲ ಊದಿ, ಆರುತ್ತೆ." ಅವಳು ಜಾಡಿ ಎತ್ತಿಟ್ಟು ಬ್ಯಾಗಿನೊಳಗೆ ಕೈ ಹಾಕಿದಳು. ಬೀಗದ ಕೈ, ಬಾಚಣಿಗೆ, ಕೊನೆಗೆ ರಿಮೋಟು ಸಿಕ್ಕಿತು.

ಅಪ್ಪ ಮುಂದಕ್ಕೆ ಬಾಗಿ, ಎದೆ ತುಂಬ ಉಸಿರೆಳೆದು ಕೆನ್ನೆ ಉಬ್ಬಿಸಿದರು. ಅವಳ ಬೆರಳು ಅವಸರಪಟ್ಟು ಗುಂಡಿ ಒತ್ತಿಬಿಟ್ಟಿತು. ಬತ್ತಿ ತಟ್ಟನೆ ಆರಿತು.

ಅಪ್ಪ ಉಬ್ಬಿದ ಕೆನ್ನೆಯಲ್ಲೇ ಬತ್ತಿಯನ್ನು ನೋಡಿದರು. ಆಮೇಲೆ ಬ್ಯಾಗಿನೊಳಗಿದ್ದ ಅವಳ ಕೈಯನ್ನು ನೋಡಿದರು. ನಿಧಾನವಾಗಿ, ಪಕ್ಕಕ್ಕೆ ತಿರುಗಿ, ಉಸಿರು ಬಿಟ್ಟರು.

"ನಾನಿನ್ನೂ ಊದಿರ್ಲಿಲ್ಲ," ಎಂದರು.