ಖಾಲಿ ಕಲ್ಲು

"ಮನೆಯೇನು ಕ್ವಾರಿನಾ?" ಅಡುಗೆಮನೆಯಿಂದ ಅಮ್ಮ ಕೂಗಿದಳು. "ಆ ಕುಟ್ಟಾಣಿ ಒಡೆದು ಹೋಗುತ್ತೆ ಕಣೇ!"

ಮಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ಹಿತ್ತಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಿಳಿ ಕಲ್ಲೊಂದನ್ನು ಹಿಟ್ಟು ಮಾಡುತ್ತಿದ್ದಳು. ಗಣಿ ಕಂಪನಿಯ ಭೂವಿಜ್ಞಾನಿ ಅವಳು. ಒಬ್ಬ ಕಳ್ಳಿಯನ್ನು ಹಿಡಿಯಬೇಕಿತ್ತು. ಆ ಕಳ್ಳಿ ಬೇರಾರೂ ಅಲ್ಲ, ತನ್ನ ಪ್ರಾಣಸ್ನೇಹಿತೆಯೇ.

ಸ್ನೇಹಿತೆಯನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಕಂಪನಿಯ ಲ್ಯಾಬಿನಲ್ಲಿ ಕಲ್ಲಿನ ಪುಡಿ ಪರೀಕ್ಷಿಸಿ, ಬ್ಯಾಟರಿಗೆ ಬೇಕಾದ ಲಿಥಿಯಂ ಅದರಲ್ಲಿ ಎಷ್ಟಿದೆ ಎಂದು ಹೇಳುವುದು ಅವಳ ಕೆಲಸ. ಕಂಪನಿ ಕೊಳ್ಳಲು ಹೊರಟಿದ್ದ ಗುಡ್ಡದಲ್ಲಿ ಲಿಥಿಯಂ ಯಥೇಚ್ಛವಾಗಿದೆ ಅಂದಿದ್ದಳು. ಯಾರು ನಂಬಬೇಕು? ಗುಡ್ಡದ ಮಾಲೀಕ ಲ್ಯಾಬಿನ ಬಾಗಿಲಲ್ಲಿ ಅವಳ ಜೊತೆ ಹಲ್ಲು ಕಿಸಿಯುತ್ತಾ ನಿಂತಿದ್ದನ್ನು ಇವಳು ಕಣ್ಣಾರೆ ಕಂಡಿದ್ದಳು.

ಸುಳ್ಳು ಹಿಡಿಯಲು ಸುಲಭದ ದಾರಿಯಿತ್ತು. ಲಿಥಿಯಂ ಇಲ್ಲದ ಕಲ್ಲನ್ನು ಪುಡಿ ಮಾಡಿ, ಗುಡ್ಡದ ಕಲ್ಲುಪುಡಿಯ ಚೀಲಗಳ ನಡುವೆ ಸೇರಿಸಿ ಲ್ಯಾಬಿಗೆ ಕಳಿಸುವುದು. ಅದರಲ್ಲೂ ಲಿಥಿಯಂ ಕಂಡಿತು ಅಂದರೆ ಮುಗಿಯಿತು. ಕಂಪನಿಯ ಉಗ್ರಾಣದಲ್ಲಿ ಇಂಥ ಪರೀಕ್ಷೆಗೆಂದೇ ಇಟ್ಟ, ಲಿಥಿಯಂ ಇಲ್ಲದ ಖಾಲಿ ಕಲ್ಲು ಗುಬ್ಬಿಗೆ ನೋಡಿದೊಡನೆ ಗುರುತು ಸಿಗುತ್ತದೆ. ಹಾಗಾಗಿ ಹಿತ್ತಲಲ್ಲಿ ಬಿದ್ದಿದ್ದೇ ಸಾಕಾಯಿತು. ಬೆಣಚುಕಲ್ಲು! ಭೂವಿಜ್ಞಾನಿಗೆ ಅದನ್ನು ಯಾರಾದರೂ ಹೇಳಿಕೊಡಬೇಕೆ?

ಫಲಿತಾಂಶ ಬಂತು. ಹಿತ್ತಲ ಕಲ್ಲಿನಲ್ಲಿ ಗುಡ್ಡಕ್ಕಿಂತ ಹೆಚ್ಚು ಲಿಥಿಯಂ ಇತ್ತಂತೆ.

ಮ್ಯಾನೇಜರ್ ಗುಬ್ಬಿಯನ್ನು ಇವಳ ಎದುರಿಗೇ ಕರೆಸಿದರು.

"ಅದು ಬರೀ ಕಲ್ಲು ಕಣೇ!" ಇವಳು ರೇಗಿದಳು. "ಒಂದೇ ತಟ್ಟೇಲಿ ಉಂಡವಳು ನೀನು. ನನ್ನ ಕತ್ತು ಕುಯ್ಯೋಕೆ ಮನಸ್ಸಾದ್ರೂ ಹೇಗೆ ಬಂತು?"

ಗುಬ್ಬಿ ಬಿಳಿಚಿಕೊಂಡಳು. "ಕಂಡಿದ್ದನ್ನೇ ಬರ್ದಿದೀನಿ. ಬೇಕಾದ್ರೆ ಬೇರೆ ಕಡೆ ಕೊಟ್ಟು ನೋಡು."

"ಸಾಕು ನಿನ್ನ ನಾಟಕ."

ಗುಬ್ಬಿ ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು. "ಆ ಕಲ್ಲು ಎಲ್ಲಿಂದ ತಂದೆ?"

"ನಮ್ಮನೆ ಬಾವಿ ತೋಡಿದಾಗ ಬಂದಿದ್ದು. ರಾಶಿ ಬಿದ್ದಿದೆ. ಯಾಕೆ, ಇನ್ನೂ ಕತೆ ಕಟ್ಬೇಕಾ?"

"ಬೇಡ" ಅಂದಳು ಗುಬ್ಬಿ. ಸಂಜೆಯೊಳಗೆ ಅವಳ ಕೆಲಸ ಹೋಯಿತು.

ಕಂಪನಿ ಗುಡ್ಡದ ಆಸೆ ಬಿಟ್ಟಿತು. ಬೇರೊಂದು ಕಂಪನಿ ಬಂದು ಕೊಂಡಾಗ, ಪೆದ್ದರು ಸಿಕ್ಕಿಬಿದ್ದರು ಎಂದು ಎಲ್ಲರೂ ನಕ್ಕರು. ಇವಳಿಗೆ ಮಾತ್ರ ನಗು ಬರಲಿಲ್ಲ. "ಗುಬ್ಬಿ ಅಂಥವಳಲ್ಲ ಕಣೇ" ಎಂದು ಅಮ್ಮ ರಾಗ ತೆಗೆದರೆ ಊಟ ಬಿಟ್ಟು ಎದ್ದುಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಗೇಟಿನ ಸದ್ದಾಯಿತು.

"ಅಯ್ಯೋ, ನಮ್ಮ ಗುಬ್ಬಿ! ಒಳಗೆ ಬಾರೇ" ಎಂದು ಅಮ್ಮ ಸಂಭ್ರಮದಿಂದ ಓಡಿದಳು. ಮಗಳು ಹೊಸ್ತಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಳು. ಸಿಟ್ಟಿನ ಅಡಿಯಲ್ಲೆಲ್ಲೋ, ಗುಬ್ಬಿ ಒಂದು ಮಾತು ತಪ್ಪಾಯಿತು ಅಂದರೆ ಸಾಕು ಅನ್ನಿಸುತ್ತಿತ್ತು.

"ಕ್ಷಮೆ ಕೇಳೋಕೆ ಬಂದ್ಯಾ?"

"ಇಲ್ಲ ಕಣೇ," ಗುಬ್ಬಿ ರಸ್ತೆಯಲ್ಲಿದ್ದ ಕೊರೆಯುವ ಯಂತ್ರದ ಲಾರಿಗೆ ಕೈಬೀಸಿ ಕರೆದಳು, "ಗುಡ್ಡ ಕೊಂಡವರ ಹತ್ರ ಈಗ ನನ್ನ ಕೆಲಸ, ನಿಮ್ಮ ಬಾವೀಲಿ ಸಿಕ್ಕ ಲಿಥಿಯಂಗೋಸ್ಕರ ಓಣಿ ಪೂರ್ತಿ ಅಗೆಯೋ ಪರವಾನಗಿ ಅವರಿಗೆ ಕೊಡಿಸಿದ್ದೇ ನಾನು."