ಹಿತ್ತಿಲಲ್ಲಿ ಹೂತ ಅಣಬೆ

ಸೊಸೆ ಗುಂಡಿ ತೋಡುತ್ತಿದ್ದಳು. ಹಿತ್ತಿಲ ಬಾಗಿಲ ಮರೆಯಲ್ಲಿ ನಿಂತು ಅಮೃತವ್ವ ನೋಡುತ್ತಿದ್ದಳು.

ಶಿರಹಟ್ಟಿಯಲ್ಲಿ ಅದು ಊರೆಲ್ಲ ಉಂಡು ಅಡ್ಡಾಗುವ ಹೊತ್ತು. ಶಿವಲಕ್ಷ್ಮಿ ಗುದ್ದಲಿಯನ್ನು ಸದ್ದಾಗದಂತೆ ಇಳಿಸುತ್ತಿದ್ದಳು. ನಡುನಡುವೆ ತಲೆಯೆತ್ತಿ ಮನೆಯ ಕಡೆ ನೋಡುತ್ತಿದ್ದಳು. ಪಕ್ಕದಲ್ಲಿ ಬಿಳಿ ಅರಿವೆಯ ಗಂಟೊಂದಿತ್ತು.

ಅಮೃತವ್ವನ ಕಣ್ಣಿನ ಆಪರೇಷನ್ ಗದಗಿನಲ್ಲಿ ಆಗಿ ಹೆಚ್ಚು ದಿನವಾಗಿರಲಿಲ್ಲ. ಈಗ ಕರಿಬೇವಿನ ಎಲೆಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಸೊಸೆಯ ಮುಖದ ಮೇಲಿನ ಅಳುಕೂ ಕಾಣುತ್ತಿತ್ತು.

ಬೆಳಿಗ್ಗೆಯೇ ಅಮೃತವ್ವನಿಗೆ ಅನುಮಾನ ಬಂದಿತ್ತು. ಮಳೆ ಬಿಟ್ಟು ತಂಪು ಗಾಳಿ ಬೀಸುತ್ತಿತ್ತು. ಅವಳ ನಾಲಿಗೆಗೆ ಹಳೆಯ ರುಚಿ ನೆನಪಾಗಿತ್ತು.

“ಅಟ್ಟದ ಮ್ಯಾಲಿನ ಅಣಬಿ ಬರಣಿ ತಗಿಯವಾ. ಇವತ್ತ ಸಾರು ನಾನಾ ಮಾಡತೀನಿ” ಎಂದಿದ್ದಳು.

ರೊಟ್ಟಿ ಬಡಿಯುತ್ತಿದ್ದ ಶಿವಲಕ್ಷ್ಮಿಯ ಕೈ ನಿಂತಿತು. “ಹುಳ ಬಿದ್ದಿದ್ದುವ್ರಿ ಅತ್ತಿ. ಯಾವಾಗೋ ಚೆಲ್ಲಿಬಿಟ್ಟೆ.”

ಹುಳ! ಅಮೃತವ್ವ ಒಣಗಿಸಿಟ್ಟ ಅಣಬೆಗೆ ಹುಳ ಬಿದ್ದದ್ದನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಮೊದಲ ಮಳೆ ಬಿದ್ದೊಡನೆ ಗುಡ್ಡದ ಕಡೆ ಹೋಗಿ ಹುತ್ತದ ಅಣಬೆ ತರುತ್ತಿದ್ದಳು. ಮಾಳಿಗೆಯ ಮೇಲೆ ಅರಿವೆ ಹಾಸಿ, ಮುರಿದರೆ ಹಪ್ಪಳದಂತೆ ಟಕ್ಕೆನ್ನುವವರೆಗೆ ಒಣಗಿಸುತ್ತಿದ್ದಳು. ಬರಣಿಯ ತಳಕ್ಕೆ ಲವಂಗ ಹಾಕಿ ಬಾಯಿ ಬಿಗಿದರೆ ಆಯಿತು. ಬಿಸಿನೀರಿನಲ್ಲಿ ನೆನೆಸಿ, ಆ ನೀರನ್ನೂ ಚೆಲ್ಲದೆ ಸೋಸಿ ಸಾರಿಗೆ ಸುರಿದು, ಮೇಲೆ ಗುರೆಳ್ಳು ಪುಡಿ ಉದುರಿಸಿದರೆ ಗಂಡ ಸಕ್ರಪ್ಪ ತಾಟು ನೆಕ್ಕುತ್ತಿದ್ದ. ಮನೆಯಲ್ಲಿ ಅಣಬೆ ತಿನ್ನುವವರು ಅವರಿಬ್ಬರೇ.

ಸಕ್ರಪ್ಪ ಹೋದ ವರ್ಷ ತೀರಿಕೊಂಡ. ಕಾಮಾಲೆ ಎಂದರು. ಆಮೇಲೆ ಶಿವಲಕ್ಷ್ಮಿ ಅತ್ತೆಯನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. “ನೀವು ಸುಮ್ನ ಕುಂಡ್ರಿ ಅತ್ತಿ” ಎನ್ನುತ್ತಿದ್ದಳು. ಯಜಮಾನಿಕೆ ಕಸಿದುಕೊಂಡಳೆಂದು ಅಮೃತವ್ವ ಒಳಗೊಳಗೇ ಕುದಿದಿದ್ದಳು.

ಈಗ ಶಿವಲಕ್ಷ್ಮಿ ಗಂಟು ಬಿಚ್ಚಿ ಗುಂಡಿಗೆ ಸುರಿದಳು. ಒಣ ಅಣಬೆ!

ಅಮೃತವ್ವ ದಾಪುಗಾಲಿಟ್ಟು ಹೋಗಿ ಸೊಸೆಯ ರಟ್ಟೆ ಹಿಡಿದಳು. ಬಗ್ಗಿ ಒಂದನ್ನು ಎತ್ತಿ ಬಿಸಿಲಿಗೆ ಹಿಡಿದಳು. ಕಾಂಡದ ಬುಡದಲ್ಲಿ ಸುಕ್ಕುಗಟ್ಟಿದ ಸಣ್ಣ ಚೀಲವಿತ್ತು. ಇನ್ನೊಂದನ್ನು ಎತ್ತಿದಳು. ಅದಕ್ಕೂ ಇತ್ತು.

“ಇವು ವಿಷದವು! ಬುಡದಾಗ ಚೀಲ ಇದ್ದದ್ದನ್ನ ನಮ್ಮವ್ವ ಮುಟ್ಟಗೊಡತಿದ್ದಿಲ್ಲ. ಎಲ್ಲಿಂದ ಬಂದುವು ಇವು?”

ಶಿವಲಕ್ಷ್ಮಿ ಬಿಳಿಚಿಕೊಂಡಳು. “ನಿಮಗ ಈಗ ಎಲ್ಲಾ ಕಾಣತೈತಲ್ರಿ, ಅತ್ತಿ” ಎಂದಳು ಮೆಲ್ಲಗೆ.

ಅಮೃತವ್ವನಿಗೆ ಗಂಡ ಹಾಸಿಗೆ ಹಿಡಿಯುವ ಹಿಂದಿನ ಸೋಮವಾರ ಕಣ್ಣ ಮುಂದೆ ಬಂತು. ತನಗೆ ಒಪ್ಪತ್ತು. ಅಣಬೆ ಸಾರು ಮಾಡಿದವಳು ಶಿವಲಕ್ಷ್ಮಿ. ಉಂಡವನು ಸಕ್ರಪ್ಪ ಒಬ್ಬನೇ. ನಸುಕಿನಲ್ಲಿ ವಾಂತಿ ಶುರುವಾಯಿತು. ಮರುದಿನ ಎದ್ದು ಕೂತು ಚಹಾ ಕುಡಿದ, ಪಾರಾದನೆಂದುಕೊಂಡರು. ಆಮೇಲೆ ಕಣ್ಣು ಅರಿಶಿನದಂತಾಯಿತು, ಜೀವ ಹೋಯಿತು.

“ಕಾಮಾಲಿ ಅಲ್ಲ” ಎಂದಳು ಅಮೃತವ್ವ. “ಇವನ್ನ ತಿಂದು ಹೋದ್ರು ಅವರು. ಖರೆ ಹೇಳು. ನನ್ನ ಬರಣಿಗೆ ಇವನ್ನ ಯಾರು ಹಾಕಿದ್ರು?”

ಶಿವಲಕ್ಷ್ಮಿ ಅತ್ತೆಯ ಕಣ್ಣನ್ನೇ ನೋಡುತ್ತ ನಿಂತಳು. ಏನನ್ನೋ ನುಂಗಿಕೊಂಡಳು.

“ನಾನಾ ಹಾಕಿದ್ದೆರಿ. ತವರಿಗೆ ಹೋದಾಗ ಬೆಳ್ಳಟ್ಟಿಯಿಂದ ತಂದಿದ್ದೆ. ನಿಮ್ಮ ಬರಣಿಗೇ ಸುರುವಿದೆ. ನನಗ ಗುರ್ತು ಸಿಗಲಿಲ್ಲ.”

ಅಮೃತವ್ವ ಹೊಡೆಯಲು ಎತ್ತಿದ ಕೈ ಹಾಗೇ ನಿಂತಿತು. ಹೊಡೆದರೆ ಗಂಡ ಬರುವನೇ? “ಮನಿ ದೀಪ ಆರಿಸಿ ವರ್ಷ ತುಂಬ ನನಗ ರೊಟ್ಟಿ ಬಡದು ಹಾಕಿದೆಲ್ಲ! ನಿನ್ನ ಕೈಯಾಗಿನ ಕೂಳು ನನಗ ಬ್ಯಾಡ. ನಡಿ, ನಿಮ್ಮೂರಿಗೆ ನಡಿ.”

ಶಿವಲಕ್ಷ್ಮಿ ಗುಂಡಿಗೆ ಮಣ್ಣೆಳೆದು ಮುಚ್ಚಿದಳು. ಚೀಲಕ್ಕೆ ನಾಲ್ಕು ಸೀರೆ ತುರುಕಿ, ಮಲಗಿದ್ದ ಮಗಳು ಸ್ನೇಹಾಳನ್ನು ಹೆಗಲಿಗೆ ಹಾಕಿಕೊಂಡಳು. ಹೊಸ್ತಿಲಲ್ಲಿ ಮಾತ್ರ ತಿರುಗಿ, “ಕಣ್ಣಿಗೆ ಔಷಧ ಹಾಕ್ಕೊಳ್ಳೋದು ಮರೀಬ್ಯಾಡ್ರಿ” ಎಂದು ಹೊರಟುಹೋದಳು.

ಸಂಜೆ ಮಗ ಸಿದ್ದರಾಮ ಹೊಲದಿಂದ ಬಂದ. ಅಮೃತವ್ವ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದಳು.

“ನಿನ್ನ ಹೆಂಡತೀನ ತವರಿಗೆ ಅಟ್ಟೀನಿ. ವಿಷದ ಅಣಬಿ ತಂದು ನಿಮ್ಮಪ್ಪನ ಜೀವ ತಗದಾಳ. ತನ್ನ ಬಾಯಿಲೇ ಒಪ್ಪಿಕೊಂಡಾಳ.”

ಸಿದ್ದರಾಮ ಎದುರಿಗೆ ಕೂತ. ಅವನ ಮುಖದಲ್ಲಿ ಬೆರಗಿರಲಿಲ್ಲ. ಅದನ್ನೂ ಅಮೃತವ್ವನ ಕಣ್ಣು ಕಂಡಿತು.

“ಅಂದ್ರ ನಿನಗೂ ಗೊತ್ತಿತ್ತು?”

“ಗೊತ್ತಿತ್ತವ್ವಾ. ಆವಾಗ ದವಾಖಾನಿಯವರು ಬರಣಿ ತರಿಸಿ ನೋಡಿದ್ರು. ಮುಂದ ಅದನ್ನ ಅಟ್ಟದ ಮ್ಯಾಲಿಟ್ಟು ಯಾರೂ ಮುಟ್ಟಲಿಲ್ಲ.”

“ಕಾಮಾಲಿ ಅಂತ ಹೇಳಿದ್ಯಲ್ಲೋ ನನಗ!”

“ಹಂಗ ಹೇಳ್ರಿ ಅಂತ ಆಕಿನಾ ಆಣಿ ಹಾಕಿದ್ಲು. ನಿನ್ನ ಕಣ್ಣಿನ ಆಪರೇಷನ್ ಮಾಡಸಾಕ ಹಟ ಹಿಡದಾಕಿನೂ ಆಕಿನಾ.”

“ಹೇಳದ ಏನು ಮಾಡ್ಯಾಳು?” ಎಂದಳು ಅಮೃತವ್ವ. “ತನ್ನ ತಪ್ಪು ಮುಚ್ಚಿಕೊಳ್ಳಾಕ ಎಲ್ಲಾ ಮಾಡ್ಯಾಳ.”

ಸಿದ್ದರಾಮ ಹತ್ತಿರ ಸರಿದು ತಾಯಿಯ ಎರಡೂ ಕೈಗಳನ್ನು ಹಿಡಿದುಕೊಂಡ.

“ಅವ್ವಾ, ಬೆಳ್ಳಟ್ಟ್ಯಾಗ ಆಕಿ ತವರಮನ್ಯಾಗ ಯಾರೂ ಅಣಬಿ ಮುಟ್ಟಂಗಿಲ್ಲ; ಆ ಬರಣಿ ತುಂಬ ಇದ್ದದ್ದು ಕಣ್ಣಿಗೆ ಪೊರಿ ಬಂದ ವರ್ಷ ನೀನಾ ಗುಡ್ಡದಾಗ ಆರಿಸ್ಕೊಂಡು ಬಂದದ್ದು.”