ಬೇರೆ ತಾಟು

ಸೊಸೆ ನೀಲವ್ವ ಮೂರು ವಾರದಿಂದ ಕೆಮ್ಮುತ್ತಿದ್ದಳು. ಅತ್ತೆ ಆಗಲೇ ಅವಳ ತಾಟು, ಲೋಟ ಬೇರೆ ಮಾಡಿ ಬಾಗಿಲ ಹೊರಗಿಟ್ಟಿದ್ದಳು.

“ಕ್ಷಯ ಅಂತ ಬಂದ್ರ ತವರಿಗೆ ಹೋಗೂದ. ಕೂಸು ಇಲ್ಲೇ ಇರತೈತಿ.”

ಕಫ ಪರೀಕ್ಷೆಗೆಂದು ದವಾಖಾನೆಯವರು ಕೊಟ್ಟ ಡಬ್ಬಿ ನೀಲವ್ವನ ಕೈಯಲ್ಲಿತ್ತು. ಗಂಡ ಅದನ್ನು ಕಸಿದುಕೊಂಡ.

“ತಾ ಇಲ್ಲಿ. ನಂದ ಕಫ ಕೊಡೂಣು. ನಂದು ಬರೇ ಬೀಡಿ ಕೆಮ್ಮು, ನನಗೇನ ರೋಗ ಐತಿ?”

ತನ್ನ ಕಫ ಹಾಕಿದ ಡಬ್ಬಿಯನ್ನು ಅವಳ ಹೆಸರಿನಲ್ಲೇ ದವಾಖಾನೆಗೆ ಕೊಟ್ಟು ಬಂದ. ನಾಲ್ಕು ದಿನ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಐದನೆಯ ದಿನ ಆಶಾ ಕಾರ್ಯಕರ್ತೆ ಅಂಗಳದಲ್ಲೇ ನಿಂತು ಚೀಟಿ ಓದಿದಳು.

“ಕಫದಾಗ ಕ್ಷಯ ಸಿಕ್ಕೈತಿ ನೀಲವ್ವ. ಆರು ತಿಂಗಳು ಗುಳಿಗಿ ತಪ್ಪಿಸಬ್ಯಾಡ.”

ಅತ್ತೆ ಕೂಸನ್ನೆತ್ತಿಕೊಂಡು, “ಗಂಟು ಕಟ್ಟಕೋ” ಎಂದಳು.

ಗಂಡ ಹೊರಗೆ ಹೋಗಿ, ಬಾಗಿಲ ಬಳಿಯಿದ್ದ ಆ ಬೇರೆ ತಾಟನ್ನು ತನ್ನ ಮುಂದಿಟ್ಟುಕೊಂಡು ಕೂತ.